ಮೈಯೊಳಗೆ ಕರಗಿದ ಕಡ್ಡಿ

ಪ್ರಯೋಗಾಲಯದ ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಕಲಿತದ್ದು ಮೊಟ್ಟೆ ಒಡೆಯುವುದನ್ನು.

ಆದವಾನಿಯ ಕೋಟೆ ಗುಡ್ಡದಾಚೆ, ಊರಿನಿಂದ ಸ್ವಲ್ಪ ದೂರದಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಕ್ಷಯದ ಆಸ್ಪತ್ರೆ ಅದು. ಈಗ ಇಲ್ಲ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು ಹೋದರೆ, ಡಾಕ್ಟರ್ ಭಾಸ್ಕರಯ್ಯ ನನ್ನ ಮುಂದೆ ಒಂದು ಬುಟ್ಟಿ ಜವಾರಿ ಮೊಟ್ಟೆ ಇಟ್ಟರು. ಕ್ಷಯದ ಕ್ರಿಮಿಯನ್ನು ಗಾಜಿನ ಕೊಳವೆಯಲ್ಲಿ ಬೆಳೆಸಲು ಬೇಕಾದ ಆಹಾರ ಮಾಡುವುದು ಮೊಟ್ಟೆಯಿಂದ. ಲವಣದ ದ್ರಾವಣ, ಒಂದಿಷ್ಟು ಹಸಿರು ಬಣ್ಣ ಸೇರಿಸಿ, ಬಟ್ಟೆಯಲ್ಲಿ ಸೋಸಿ, ಕೊಳವೆಗಳನ್ನು ಓರೆಯಾಗಿ ಮಲಗಿಸಿ ಹದವಾದ ಬಿಸಿಯಲ್ಲಿ ಗಟ್ಟಿ ಮಾಡಿದರೆ, ಒಳಗೆ ಪಾಚಿ ಬಣ್ಣದ ಒಂದು ಇಳಿಜಾರು ನಿಲ್ಲುತ್ತದೆ. ಅದರ ಮೇಲೆ ರೋಗಿಯ ಕಫ ಬಿತ್ತಿ ಕಾಯಬೇಕು.

ನಮ್ಮದು ವೈಷ್ಣವರ ಮನೆ, ಅಪ್ಪ ಸಂಸ್ಕೃತ ಪಂಡಿತರು. ಮೊಟ್ಟೆಯನ್ನು ನಾನು ಅಂಗಡಿಯಲ್ಲಿ ದೂರದಿಂದ ನೋಡಿದ್ದೆ, ಅಷ್ಟೇ. ಮೊದಲನೆಯದನ್ನು ತೆಂಗಿನಕಾಯಿ ಒಡೆದ ಹಾಗೆ ಮೇಜಿನ ಅಂಚಿಗೆ ಕುಕ್ಕಿದೆ. ಅದು ಡಾಕ್ಟರ ಬೂಟಿನ ಮೇಲೆ ಇಳಿಯಿತು.

ಅವರು ಕರ್ನೂಲಿನವರು, ಅರ್ಧ ತೆಲುಗು, ಅರ್ಧ ಕನ್ನಡ. "ಏಮ್ಮಾ ರುಕ್ಮಾ, ಇದು ಗುಡಿ ಕಾದು, ಗುಡಿ ಅಲ್ಲ," ಅಂದರು. "ದೇವರಿಗೆ ಒಡೀತಿಲ್ಲ. ಮೆಲ್ಲಗ ತಟ್ಟು."

ಸಂಜೆ ಮನೆಗೆ ಬಂದು ಅಪ್ಪನ ಮುಂದೆ ಕೂತೆ. ಮೊಟ್ಟೆ, ಕಫ, ರಕ್ತ, ಮೂತ್ರ. ಎಲ್ಲವನ್ನೂ ಹೇಳಿದೆ. ಕೆಲಸ ಬಿಡು ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಓದುತ್ತಿದ್ದ ಪುಸ್ತಕ ಮುಚ್ಚಿದರು. "ನಮ್ಮ ಹಳೇ ಗ್ರಂಥದಾಗ ಈ ರೋಗಕ್ಕ ರಾಜಯಕ್ಷ್ಮ ಅಂತ ಹೆಸರದ," ಅಂದರು. "ರೋಗಗಳೊಳಗ ಇದು ರಾಜ. ರಾಜನ ಮ್ಯಾಲೆ ಯುದ್ಧಕ್ಕ ಹೋಗೋರು ಮಡಿ ಉಟ್ಕೊಂಡು ಹೋಗ್ತಾರೇನು? ಬಂದ ಮ್ಯಾಲೆ ಸ್ನಾನ ಮಾಡು, ಮುಗೀತು."

ಈಗ ಈ ಕೆಲಸಕ್ಕೆ ಬರುತ್ತಿರುವ ನಿಮಗೆ ಇದೆಲ್ಲ ವಿಚಿತ್ರ ಅನ್ನಿಸಬಹುದು. ಕಫವನ್ನು ಯಂತ್ರಕ್ಕೆ ಕೊಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಉತ್ತರ ಬಂದಿರುತ್ತದೆ. ನಮಗೆ ಕ್ರಿಮಿ ಬೆಳೆದು ಕಣ್ಣಿಗೆ ಕಾಣಲು ತಿಂಗಳೊಪ್ಪತ್ತು ಹಿಡಿಯುತ್ತಿತ್ತು, ಒಮ್ಮೊಮ್ಮೆ ಅದರ ಎರಡರಷ್ಟು. ದ್ರಾವಣಗಳನ್ನು ಬಾಯಿಂದಲೇ ಗಾಜಿನ ನಳಿಗೆಗೆ ಎಳೆಯುತ್ತಿದ್ದೆವು. ನಮ್ಮ ಬೇಸಿಗೆಯ ಸಂಗತಿ ಹೇಳಿದರೆ ನೀವು ನಗುತ್ತೀರಿ. ಕ್ರಿಮಿಯನ್ನು ಮೈಯ ಬಿಸಿಯಲ್ಲೇ ಇಡಲು ಒಂದು ಪೆಟ್ಟಿಗೆ ಇರುತ್ತದಲ್ಲ, ಇನ್‌ಕ್ಯುಬೇಟರ್, ಎಲ್ಲ ಊರಲ್ಲೂ ಅದು ಒಳಗಿನದನ್ನು ಬೆಚ್ಚಗಿಡುತ್ತದೆ. ಆದವಾನಿಯ ವೈಶಾಖದಲ್ಲಿ ಕೋಣೆಯೇ ಪೆಟ್ಟಿಗೆಗಿಂತ ಬಿಸಿ. ಅದರ ಸುತ್ತ ಗೋಣಿತಟ್ಟು ಸುತ್ತಿ ತಾಸಿಗೊಮ್ಮೆ ನೀರು ಚಿಮುಕಿಸಿ ತಂಪು ಮಾಡುತ್ತಿದ್ದೆವು.

ಕಫದ ಜೊತೆಗೆ ನನ್ನದು ಮೂತ್ರ ಪರೀಕ್ಷೆಯ ಕೆಲಸವೂ ಆಗಿತ್ತು. ಆಗ ಮುಖ್ಯ ಔಷಧಿ ಐಸೋನಿಯಾಜಿಡ್ ಗುಳಿಗೆ. ಮೊದಲೆರಡು ತಿಂಗಳು ಸೂಜಿ, ಆಮೇಲೆ ವರ್ಷದ ಮೇಲೆ ಗುಳಿಗೆ, ದಿನವೂ. ಕೆಮ್ಮು ನಿಂತೊಡನೆ ಜನ ನುಂಗುವುದನ್ನು ಬಿಡುತ್ತಿದ್ದರು. ಬಿಟ್ಟರೋ ಇಲ್ಲವೋ ತಿಳಿಯಲು ಮೂತ್ರಕ್ಕೆ ಎರಡು ದ್ರಾವಣಗಳ ಹನಿ ಬಿಡುತ್ತಿದ್ದೆವು. ನುಂಗಿದವರದಾದರೆ ಕಣ್ಣೆದುರೇ ದಾಳಿಂಬೆ ಕಾಳಿನ ಬಣ್ಣ ಬರುತ್ತದೆ, ನುಂಗದವರದು ಹಳದಿಯಾಗೇ ಉಳಿಯುತ್ತದೆ. ಆ ಎರಡು ದ್ರಾವಣಗಳಲ್ಲಿ ಒಂದು ಸೈನೈಡು. ಅದೊಂದನ್ನು ಮಾತ್ರ ಬಾಯಿಂದ ಎಳೆಯುತ್ತಿರಲಿಲ್ಲ.

ಉರುಕುಂದಮ್ಮ ನನಗೆ ಪರಿಚಯವಾದದ್ದು ಈ ಪರೀಕ್ಷೆಯಲ್ಲಿ. ಪೆದ್ದಹರಿವಾಣ ಎಂಬ ಹಳ್ಳಿಯವಳು. ದಿನಾ ಬಸ್ಸಿಗೆ ಬಂದು ಆದವಾನಿಯ ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ಬಿಡಿಸುವ ಯಂತ್ರಕ್ಕೆ ಹತ್ತಿ ಹಾಕುವ ಕೆಲಸ ಮಾಡುತ್ತಿದ್ದಳು. ಎತ್ತರದ ಆಳು, ಕೂದಲಲ್ಲಿ ಯಾವಾಗಲೂ ಹತ್ತಿಯ ಎಳೆ.

"ಗುಳಿಗಿ ತೊಗೊಂಡೀಯೇನವ್ವಾ?" ಅಂತ ಕೇಳಿದೆ.

"ಹ್ಞೂಂ ರೀ ಅಕ್ಕಾರ. ದಿನಾ."

ನಾನು ಕೊಳವೆ ತೋರಿಸಿದೆ. ಹಳದಿ. "ಬಣ್ಣ ಬಂದಿಲ್ಲ ನೋಡು."

ಆಕೆ ಕೊಳವೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಈ ಗಾಜು ಚಾಡಿ ಹೇಳತೈತೇನ್ರೀ?" ಅಂದು ನಕ್ಕೇಬಿಟ್ಟಳು. ಆಮೇಲೆ ದನಿ ತಗ್ಗಿಸಿದಳು. "ನುಂಗಿದ್ರ ಹೊಟ್ಟಿ ತೊಳಸತೈತಿ. ಮಿಲ್ಲಿನಾಗ ವಾಂತಿ ಬಂದ್ರ ಮೇಸ್ತ್ರಿ ಏನು ಎತ್ತ ಕೇಳ್ತಾನ. ಕ್ಷಯ ಅಂತ ಗೊತ್ತಾದ್ರ ಮರುದಿನ ಗೇಟಿನಾಗ ಬಿಡಂಗಿಲ್ಲ. ಕೆಮ್ಮು ನಿಂತೈತಲ್ರೀ, ನಿಂತದ್ದಕ್ಕ ಮತ್ಯಾಕ ಔಷಧಿ?"

ಕ್ರಿಮಿ ಒಳಗೇ ಮಲಗಿರುತ್ತದೆ, ಮತ್ತೆ ಏಳುತ್ತದೆ ಅಂತ ನಾನು ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿದಳು. "ಹೊಲಕ್ಕ ಒಂದ್ಸಲ ಬಿತ್ತಿ ಬರ್ತೀವಿ, ಉಳಿದದ್ದು ಭೂಮಿ ನೋಡ್ಕೊಂತೈತಿ. ನಿಮ್ಮ ಔಷಧಿ ದಿನಾ ಬಿತ್ತಬೇಕು. ಅಂಥಾ ಬೇಸಾಯ ಯಾರು ಮಾಡ್ತಾರ್ರೀ ಅಕ್ಕಾರ?" ಅಂದು ಗುಳಿಗೆ ಪೊಟ್ಟಣ ಸೆರಗಿಗೆ ಕಟ್ಟಿಕೊಂಡು ಹೋದಳು. ಮತ್ತೆ ಬರಲಿಲ್ಲ.

ಕೆಲವು ವರ್ಷಗಳ ಮೇಲೆ, ಎಂಬತ್ತರ ದಶಕ ಶುರುವಾಗಿತ್ತು, ಭಾಸ್ಕರಯ್ಯನವರು ಹೊರದೇಶದ ಒಂದು ಪ್ರಯೋಗಾಲಯದಲ್ಲಿ ವರ್ಷವಿದ್ದು ಮರಳಿ ಬಂದರು. ಬರುವಾಗ ಒಂದು ಪುಟ್ಟ ಶೀಶೆ ತಂದಿದ್ದರು. ಒಳಗೆ ಬೆಳ್ಳಗಿನ, ಬೆರಳಿನ ಗೆಣ್ಣಿಗಿಂತ ಚಿಕ್ಕ ಕಡ್ಡಿಗಳು. ಪ್ರಯೋಗದ ಪ್ರಾಣಿಗಳ ಮನೆ ನೋಡಿಕೊಳ್ಳುತ್ತಿದ್ದ ಖಾಜಾ ಸಾಬರು ಇಣುಕಿ ನೋಡಿ, "ಡಾಕ್ಟರ್ ಸಾಬ್, ಇಷ್ಟು ದೂರ ಹೋಗಿ ಶಾವಿಗಿ ತಂದೀರೇನು?" ಅಂದರು. ಅಂದಿನಿಂದ ನಮ್ಮೆಲ್ಲರ ಬಾಯಲ್ಲಿ ಅದು ಶಾವಿಗೆ.

ಡಾಕ್ಟರು ನನ್ನನ್ನೂ ಖಾಜಾ ಸಾಬರನ್ನೂ ಕೂರಿಸಿಕೊಂಡು ಹೇಳಿದರು. ಹಾಲು ಹುಳಿಯಾದಾಗ ಒಂದು ಆಮ್ಲ ಹುಟ್ಟುತ್ತದೆ. ಅದನ್ನು ಮಣಿ ಪೋಣಿಸಿದ ಹಾಗೆ ಒಂದಕ್ಕೊಂದು ಪೋಣಿಸಿದರೆ ಗಟ್ಟಿಯಾದ ಪಾಲಿಮರ್ ಆಗುತ್ತದೆ. ಅದರೊಳಗೆ ಐಸೋನಿಯಾಜಿಡ್ ಸೇರಿಸಿ ಕಡ್ಡಿ ಮಾಡಿದ್ದಾರೆ. ಚರ್ಮದ ಕೆಳಗೆ ಇಟ್ಟರೆ ಮೈಯ ನೀರು ಮಣಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಬಿಡಿಸಿದಷ್ಟು ಔಷಧಿ ಹೊರಗೆ ಬರುತ್ತದೆ. ಕೊನೆಗೆ ಕಡ್ಡಿ ಪೂರ್ತಿ ಬಿಚ್ಚಿ, ನೀರಾಗಿ, ಉಸಿರಾಗಿ ಹೋಗುತ್ತದೆ.

"ಮತ್ತ ತೆಗೆಯೋದು?" ಖಾಜಾ ಸಾಬರು ಕೇಳಿದರು.

"ತೆಗೆಯೋದಕ್ಕ ಏನೂ ಇರೋದಿಲ್ಲ ಖಾಜಾ."

"ಯಾ ಅಲ್ಲಾ," ಅಂದು ಅವರು ಶೀಶೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನನಗೆ ರಸಾಯನಶಾಸ್ತ್ರ ಗೊತ್ತಿತ್ತು, ಸಮೀಕರಣ ಬರೆದು ತೋರಿಸಬಲ್ಲವಳಾಗಿದ್ದೆ. ಆದರೂ ನನ್ನ ಬಾಯಿಗೂ ಬೇರೆ ಮಾತು ಬರಲಿಲ್ಲ. ಮೊಸರಿನ ಹುಳಿಯಿಂದ ಮಾಡಿದ ಒಂದು ಕಡ್ಡಿ, ಮರೆಯದೆ, ಬೇಸರಪಡದೆ, ತಾನಾಗಿ ದಿನಾ ಔಷಧಿ ಕೊಡುತ್ತದೆ!

ಮೊದಲ ಪೆಟ್ಟು ಕೊಟ್ಟದ್ದು ಊರಿನ ಬಿಸಿಲು. ಡಾಕ್ಟರು ಶೀಶೆಯನ್ನು ಭದ್ರವಾಗಿರಲಿ ಅಂತ ತಮ್ಮ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಇಟ್ಟಿದ್ದರು. ಪಡುವಣ ಗೋಡೆಯ ಬೀರು. ತೆಗೆದು ನೋಡಿದರೆ ಮೇಲಿನ ಕಡ್ಡಿಗಳೆಲ್ಲ ಮೆತ್ತಗಾಗಿ, ಒಂದಕ್ಕೊಂದು ಅಂಟಿ, ಬೆಲ್ಲದ ಅಚ್ಚಿನ ಹಾಗೆ ಕೂತಿದ್ದವು. ತಣ್ಣನೆಯ ದೇಶದಲ್ಲಿ ಕಲ್ಲಿನಂತಿದ್ದದ್ದು ನಮ್ಮಲ್ಲಿ ಮೇಣ. "ನಾನೇ ಹಾಳು ಮಾಡಿದೆನಮ್ಮಾ," ಅಂದು ಡಾಕ್ಟರು ತಲೆಯ ಮೇಲೆ ಕೈಯಿಟ್ಟು ಕೂತರು. ಕೆಳಗಿನ ಕೆಲವು ಉಳಿದಿದ್ದವು. ಅಂದಿನಿಂದ ಶಾವಿಗೆಯ ಜಾಗ ಫ್ರಿಜ್ಜಿನಲ್ಲಿ.

ಎರಡನೆಯ ಪೆಟ್ಟು ಇದಕ್ಕಿಂತ ಘೋರ. ಎರಡು ಬಿಳಿ ಮೊಲಗಳ ಬೆನ್ನಿನ ಚರ್ಮದ ಕೆಳಗೆ ಕಡ್ಡಿ ಇಟ್ಟು ಹೊಲಿದೆವು. ಮರುದಿನ ನಾನು ಮೂತ್ರಕ್ಕೆ ಹನಿ ಬಿಟ್ಟರೆ, ಬಣ್ಣ ದಾಳಿಂಬೆಯದಲ್ಲ, ರಕ್ತದ್ದು. ಅಷ್ಟು ಗಾಢ ಕೆಂಪನ್ನು ನಾನು ಯಾವ ರೋಗಿಯಲ್ಲೂ ಕಂಡಿರಲಿಲ್ಲ. ಡಾಕ್ಟರಿಗೆ ತೋರಿಸಲು ಎದ್ದೆ, ಅಷ್ಟರಲ್ಲಿ ಪ್ರಾಣಿಗಳ ಮನೆಯಿಂದ ಕೂಗು ಬಂತು.

"ಸಾಬ್! ಜಲ್ದಿ ಬರ್ರಿ! ಮೊಲಕ್ಕ ಮೂರ್ಛಿ ಬಂದೈತಿ!"

ಒಂದು ಮೊಲ ಕತ್ತು ಹಿಂದಕ್ಕೆ ಸೆಟೆದು ಕಾಲು ಬಡಿಯುತ್ತಿತ್ತು. ಇನ್ನೊಂದು ಆಗಷ್ಟೇ ನಡುಗಲು ಶುರುಮಾಡಿತ್ತು. ವಾರಗಟ್ಟಲೆ ಬರಬೇಕಾದ ಔಷಧಿ ಕಡ್ಡಿಯ ಮೇಲ್ಮೈಯಿಂದ ಒಂದೇ ದಿನಕ್ಕೆ ನುಗ್ಗಿತ್ತು. ಈ ಔಷಧಿ ವಿಪರೀತವಾದರೆ ಅದಕ್ಕೆ ಮದ್ದು ಬಿ-ಆರು ಜೀವಸತ್ವ. ಡಾಕ್ಟರು ಸೂಜಿಗೆ ಅದನ್ನು ತುಂಬಿದರು. ಎರಡನೆಯದಕ್ಕೆ ಚುಚ್ಚಿ, ಹೊಲಿಗೆ ಬಿಚ್ಚಿ ಕಡ್ಡಿಯನ್ನು ಕಿತ್ತು ತೆಗೆದರು. ಅದು ಉಳಿಯಿತು. ಮೊದಲನೆಯದು ಖಾಜಾ ಸಾಬರ ತೊಡೆಯ ಮೇಲೆ ತಣ್ಣಗಾಯಿತು.

ಅವರು ಅದನ್ನು ಬಹಳ ಹೊತ್ತು ಸವರುತ್ತಲೇ ಕೂತಿದ್ದರು. ಡಾಕ್ಟರು ಕೈ ತೊಳೆದು ಬಂದು, "ಗುಳಿಗಿ ಹೆಚ್ಚಾದ್ರ ನಾಳಿ ನಿಲ್ಲಿಸಬಹುದು. ಇದನ್ನ ಒಳಗ ಇಟ್ಟ ಮ್ಯಾಲೆ ನಿಲ್ಲು ಅಂದ್ರ ನಿಲ್ಲೋದಿಲ್ಲ," ಅಂದರು. "ಇದು ಮನುಷ್ಯಗ ಆಗಿದ್ರ, ಖಾಜಾ?"

ಆಮೇಲೆ ಬಹಳ ದಿನ ಮೊಲಗಳನ್ನು ಮುಟ್ಟಲಿಲ್ಲ. ಕಡ್ಡಿಯನ್ನು ಮೈಯಷ್ಟೇ ಬಿಸಿಯ ಉಪ್ಪುನೀರಿನಲ್ಲಿ ಇಟ್ಟು, ಆ ನೀರಿಗೆ ಎಷ್ಟು ಔಷಧಿ ಇಳಿಯುತ್ತದೆ ಅಂತ ದಿನಾ ಅಳೆದೆವು. ಔಷಧಿ ಬೆರೆಸದ ಬರಿಯ ಪಾಲಿಮರನ್ನು ಕರಗಿಸಿ ಕಡ್ಡಿಯನ್ನು ಅದರಲ್ಲಿ ಅದ್ದಿ, ಒಣಗಿಸಿ, ಮೇಲೊಂದು ಹೊದಿಕೆ ಕೊಟ್ಟೆವು. ಹೊದಿಕೆ ತೆಳ್ಳಗಾದರೆ ಔಷಧಿ ನುಗ್ಗುತ್ತದೆ, ದಪ್ಪಗಾದರೆ ಬರುವುದೇ ಇಲ್ಲ. ಒಂದು ಹದಕ್ಕೆ ಬಂದಾಗ ಮತ್ತೆ ಮೊಲ ತಂದೆವು. ಕೆಲವಕ್ಕೆ ಕಡ್ಡಿ, ಕೆಲವಕ್ಕೆ ಅಷ್ಟೇ ಔಷಧಿ ಬಾಯಿಂದ, ಒಂದಕ್ಕೆ ಹೋಲಿಕೆಗಾಗಿ ಏನೂ ಇಲ್ಲ.

ಒಂದು ಮುಂಜಾನೆ ಏನೂ ಕೊಡದ ಮೊಲದ ಮೂತ್ರ ಕೆಂಪಾಗಿತ್ತು! ಪರೀಕ್ಷೆಯೇ ಸುಳ್ಳು ಅಂತ ನಾನು ಕಂಗಾಲಾದೆ, ಡಾಕ್ಟರು ದ್ರಾವಣಗಳನ್ನೆಲ್ಲ ಚೆಲ್ಲಿ ಹೊಸದಾಗಿ ಮಾಡಿಸಿದರು. ಆದರೂ ಕೆಂಪು. ಮಧ್ಯಾಹ್ನ ಖಾಜಾ ಸಾಬರು ಆ ಮೊಲದ ಮುಂದೆ ಬೀಟ್ರೂಟ್ ಇಡುವುದು ನನ್ನ ಕಣ್ಣಿಗೆ ಬಿತ್ತು.

"ಇದಕ್ಕ ಯಾಕ ಸಾಬ್ರೇ?"

"ಎಲ್ಲಾಕ್ಕೂ ಏನೋ ಒಂದು ಕೊಟ್ಟೀರಿ. ಪಾಪ, ಇದಕ್ಕ ಏನೂ ಇಲ್ಲ. ಅದಕ ನಾ ಕೊಡ್ತೀನಿ."

ಹನಿ ಬಿಡುವ ಮೊದಲೇ ಆ ಮೂತ್ರ ಯಾವ ಬಣ್ಣದಲ್ಲಿದೆ ಅಂತ ನಾವಿಬ್ಬರೂ ನೋಡಿರಲಿಲ್ಲ. ಯಂತ್ರ ಎಷ್ಟೇ ದೊಡ್ಡದಿರಲಿ, ಮಕ್ಕಳೇ, ಮೊದಲು ಬರಿಗಣ್ಣಿನಿಂದ ನೋಡಿ.

ಬಾಯಿಂದ ಕೊಟ್ಟ ಮೊಲಗಳಲ್ಲಿ ಬಣ್ಣ ಬೇಗನೇ ಮಾಯವಾಯಿತು. ಕಡ್ಡಿ ಇಟ್ಟವುಗಳಲ್ಲಿ ನಿಲ್ಲಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರ, ತಿಂಗಳಾಯಿತು. ಪ್ರತಿ ಮುಂಜಾನೆ ಹನಿ ಬಿಡುವಾಗ ಇವತ್ತು ಇರಲಿಕ್ಕಿಲ್ಲ ಅಂದುಕೊಳ್ಳುತ್ತಿದ್ದೆ. ಹಳದಿಯೊಳಗೆ ಎಲ್ಲಿಂದಲೋ ಒಂದು ಕೆಂಪು ಎಳೆ ಸುಳಿದು, ನೋಡನೋಡುತ್ತ ಕೊಳವೆಯೆಲ್ಲ ಹರಡುತ್ತಿತ್ತು. ಯಾರೂ ಕೊಡದ ಔಷಧಿ ಅದು! ಮೊಲಗಳ ರಕ್ತದ ಸೀರಮ್ಮಿನಲ್ಲಿ ಕ್ಷಯದ ಕ್ರಿಮಿಗಳನ್ನು ನೆನೆಹಾಕಿ ಹಸಿರು ಇಳಿಜಾರಿನ ಮೇಲೆ ಬಿತ್ತಿದೆ. ಏನೂ ಕೊಡದ ಮೊಲದ ಕೊಳವೆಯಲ್ಲಿ ಬ್ರೆಡ್ಡಿನ ಪುಡಿ ಚೆಲ್ಲಿದ ಹಾಗೆ ಕ್ರಿಮಿಯ ಗುಂಪುಗಳು ಬೆಳೆದವು. ಕಡ್ಡಿಯ ಮೊಲಗಳ ಕೊಳವೆಗಳಲ್ಲಿ ಒಂದು ಚುಕ್ಕೆಯೂ ಇಲ್ಲ. ಬರೀ ಹಸಿರು.

ಅದೇ ವಾರ ಉರುಕುಂದಮ್ಮ ಮರಳಿ ಬಂದಳು.

ಗುರುತು ಸಿಗಲಿಲ್ಲ. ಎತ್ತರ ಮಾತ್ರ ಉಳಿದಿತ್ತು. ಕೆಮ್ಮಿದರೆ ಸೆರಗಿನಲ್ಲಿ ರಕ್ತ. ಆಕೆಯ ಕಫವನ್ನು ಬರೀ ಕೊಳವೆಯಲ್ಲೂ, ಐಸೋನಿಯಾಜಿಡ್ ಬೆರೆಸಿದ ಕೊಳವೆಯಲ್ಲೂ ಬಿತ್ತಿದೆ. ತಿಂಗಳು ಕಳೆದು ನೋಡಿದರೆ ಎರಡರಲ್ಲೂ ಸಮನಾಗಿ ಬೆಳೆದಿತ್ತು. ಅರ್ಧಕ್ಕೆ ಬಿಟ್ಟ ಔಷಧಿಯಲ್ಲಿ ಬದುಕುಳಿದ ಕ್ರಿಮಿ ಔಷಧಿಯನ್ನೇ ಗೆದ್ದಿತ್ತು. ಒಂದೇ ಮೇಜಿನ ಮೇಲೆ ಈ ಕಡೆ ಮೊಲಗಳ ಚೊಕ್ಕ ಕೊಳವೆಗಳು, ಆ ಕಡೆ ಆಕೆಯದು. ಅಪ್ಪ ರಾಜ ಅಂದದ್ದು ಯಾಕೆಂದು ಅಂದು ನನಗೆ ತಿಳಿಯಿತು.

ಆಕೆಯನ್ನು ವಾರ್ಡಿಗೆ ಸೇರಿಸಿಕೊಂಡಿದ್ದರು. ಬಿಸಿಲಿಳಿದ ಮೇಲೆ ಪ್ರಾಣಿಗಳ ಮನೆಯ ಹೊರಗೆ ಬೇವಿನ ಕೆಳಗೆ ಕೂರುತ್ತಿದ್ದಳು. ಖಾಜಾ ಸಾಬರು ಶಾವಿಗೆಯ ಕತೆ ಹೇಳಿದ್ದರು. ಮರುದಿನ ಡಾಕ್ಟರು ಸುತ್ತು ಬಂದಾಗ ಆಕೆ ಎದ್ದು ನಿಂತು ತೋಳು ಚಾಚಿದಳು.

"ಮೊಲಕ್ಕ ಹಾಕಿದ್ದು ನನಗೂ ಹಾಕ್ರಿ ಡಾಕ್ಟರಪ್ಪ. ಒಂದ ಸಲ ಬಿತ್ತಿಬಿಡ್ರಿ."

ಭಾಸ್ಕರಯ್ಯ ಆಕೆಯ ಮಂಚದ ಮೇಲೇ ಕೂತರು. "ಅದು ಮನುಷ್ಯರಿಗೆ ಹಾಕೋ ಹಂತಕ್ಕ ಬಂದಿಲ್ಲಮ್ಮಾ. ಒಂದು ಮೊಲ ಸತ್ತೈತಿ, ಖಾಜಾನ್ನ ಕೇಳು. ಇನ್ನೊಂದು ಮಾತು, ಅದರಾಗಿರೋ ಔಷಧಿಗೆ ನಿನ್ನ ಕ್ರಿಮಿ ಈಗ ಭಯಪಡೋದಿಲ್ಲ."

"ನಾ ನುಂಗದ್ದಕ್ಕೇನ್ರೀ?"

"ನಿನ್ನೊಬ್ಬಾಕಿ ತಪ್ಪು ಕಾದಮ್ಮಾ. ಹೊಟ್ಟಿ ತೊಳಸೋ ಗುಳಿಗಿ ವರ್ಷಗಟ್ಟಲೆ ನುಂಗು ಅಂದ್ರ ನಾನೂ ನುಂಗತಿದ್ದಿಲ್ಲೇನೋ. ಬ್ಯಾರೆ ಔಷಧಿ ಬಂದೈತಿ. ಆದ್ರ ಒಂದು ದಿನಾನೂ ಬಿಡಂಗಿಲ್ಲ. ರುಕ್ಮಮ್ಮನ ಮುಂದ ನುಂಗಬೇಕು. ಸರೇನಾ?"

ಆಕೆ ಚಾಚಿದ ತೋಳನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. "ಸರಿ," ಅಂದಳು.

ಆಗ ನಮ್ಮ ಕಡೆಗೆ ಬರತೊಡಗಿದ್ದ ರಿಫಾಂಪಿಸಿನ್ ಕ್ಯಾಪ್ಸೂಲು, ಜೊತೆಗೆ ಇನ್ನೂ ಎರಡು ಔಷಧಿ. ಡಾಕ್ಟರು ಅದನ್ನು ಎಲ್ಲೆಲ್ಲಿಂದಲೋ ಕೇಳಿ ತರಿಸುತ್ತಿದ್ದರು. ಆ ಕ್ಯಾಪ್ಸೂಲು ಮೂತ್ರವನ್ನು ತಾನೇ ಕಿತ್ತಳೆ ಬಣ್ಣ ಮಾಡುತ್ತದೆ. ಮೊದಲ ದಿನ ಉರುಕುಂದಮ್ಮ ಹೆದರಿ ಓಡಿಬಂದಳು, ವಿಷಯ ತಿಳಿದ ಮೇಲೆ, "ಹಂಗಾರ ಇನ್ನ ಗಾಜಿನ ಚಾಡಿ ಬೇಕಾಗಿಲ್ಲ," ಅಂದಳು.

ಕಫದಲ್ಲಿ ಕ್ರಿಮಿ ಕಾಣದಾದ ಮೇಲೆ ಮನೆಗೆ ಕಳಿಸಿದರು. ಮತ್ತೆ ಮಿಲ್ಲಿಗೆ ಹೋಗತೊಡಗಿದಳು. ಕೆಲಸಕ್ಕೆ ಮೊದಲು ಬಸ್ಸಿಳಿದು ನಮ್ಮಲ್ಲಿಗೆ ನಡೆದು ಬಂದು, ನನ್ನೆದುರು ಔಷಧಿ ನುಂಗಿ ಹೋಗುತ್ತಿದ್ದಳು. ಬಂದೊಡನೆ ಮೊದಲ ಮಾತು ಒಂದೇ. "ಮೊಲದ್ದು ಬಣ್ಣ ಬಂತೇನ್ರೀ ಅಕ್ಕಾರ?" ಬಂತು ಅಂದರೆ ಮುಖ ಅರಳುತ್ತಿತ್ತು. ಹೊಟ್ಟೆ ತೊಳಸುವ ದಿನ ಗೋಡೆಗೆ ಒರಗಿ ಕಣ್ಣು ಮುಚ್ಚಿ, ವಾಂತಿಯನ್ನು ಹಲ್ಲು ಕಚ್ಚಿ ತಡೆದು, "ಅದು ಬಿಟ್ಟಿಲ್ಲ, ನಾ ಹೆಂಗ ಬಿಡ್ಲಿ," ಅನ್ನುತ್ತಿದ್ದಳು.

ಒಂದು ದಿನ ಬಣ್ಣ ಬರಲಿಲ್ಲ. ಮರುದಿನವೂ ಇಲ್ಲ. ಕಡ್ಡಿ ಏನಾಯಿತು ನೋಡೋಣ ಅಂತ ಡಾಕ್ಟರು ಮೊಲಕ್ಕೆ ಮಂಪರು ಕೊಟ್ಟು, ಹಳೆಯ ಹೊಲಿಗೆಯ ಗುರುತಿನ ಮೇಲೆ ಚರ್ಮ ಬಿಡಿಸಿದರು. ನಾನು ದೀಪ ಹಿಡಿದಿದ್ದೆ, ಖಾಜಾ ಸಾಬರು ಮೊಲವನ್ನು. ಉರುಕುಂದಮ್ಮ ಆಗಲೇ ಬಂದಿದ್ದಳು, ಜಾಲರಿಯ ಹೊರಗೆ ನಿಂತು ನೋಡುತ್ತಿದ್ದಳು.

ಚಿಮುಟದ ತುದಿಯಿಂದ ಹುಡುಕಿದರು. ತೆಳ್ಳನೆಯ, ನಸುಗೆಂಪು ಪೊರೆ. ಒಳಗೆ ಕೀವಿಲ್ಲ, ಗಂಟಿಲ್ಲ, ಗಾಯದ ಗುರುತಿಲ್ಲ. ಕಡ್ಡಿ ಎಂಬುದೊಂದು ಅಲ್ಲಿತ್ತು ಅಂತ ಹೇಳುವ ಏನೂ ಇರಲಿಲ್ಲ. ಓದಿ ತಿಳಿದಿದ್ದೆವು. ಉಪ್ಪುನೀರಿನಲ್ಲಿ ಸವೆಯುವುದನ್ನು ಅಳೆದೂ ಇದ್ದೆವು. ಆದರೂ ಒಂದು ಜೀವದ ಮೈ ಅದನ್ನು ಪೂರ್ತಿ ತನ್ನದಾಗಿ ಮಾಡಿಕೊಂಡದ್ದನ್ನು ಕಣ್ಣಾರೆ ಕಂಡದ್ದು ಅಂದೇ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಖಾಜಾ ಸಾಬರ ತುಟಿಗಳು ಮೆಲ್ಲಗೆ ಅಲ್ಲಾಡುತ್ತಿದ್ದವು.

"ಏನ್ ಸಿಕ್ತ್ರೀ?" ಹೊರಗಿನಿಂದ ಉರುಕುಂದಮ್ಮ.

"ಏನೂ ಇಲ್ಲವ್ವಾ."

"ಅದರ ಕೆಲಸ ಮುಗೀತು, ಹೋತು. ನಂದು ಇನ್ನೂ ಐತಿ," ಅಂದು ಜಾಲರಿಯ ಸಂದಿನಿಂದ ಅಂಗೈ ಚಾಚಿದಳು. "ಕೊಡ್ರಿ, ಮಿಲ್ಲಿಗೆ ಹೊತ್ತಾತು."

ತಂದಿದ್ದ ಪಾಲಿಮರ್ ಮುಗಿಯಿತು, ಮತ್ತೆ ತರಿಸಲು ಟ್ರಸ್ಟಿನವರು ಒಪ್ಪಲಿಲ್ಲ. ಭಾಸ್ಕರಯ್ಯ ನಿವೃತ್ತರಾಗಿ ಕರ್ನೂಲಿಗೆ ಹೋದರು. ಬೇರೆ ಕಡೆ ಇನ್ನೂ ದೊಡ್ಡ ಪ್ರಯೋಗಾಲಯಗಳಲ್ಲಿ ಆ ಕೆಲಸ ಮುಂದುವರಿಯಿತು ಅಂತ ಕೇಳಿದ್ದೇನೆ. ನನ್ನ ಕಾಲದಲ್ಲಿ ಆ ಕಡ್ಡಿ ಒಬ್ಬ ರೋಗಿಯ ತೋಳಿಗೂ ತಲುಪಲಿಲ್ಲ. ನಿಮ್ಮ ಕಾಲದಲ್ಲಿ ತಲುಪಿದರೆ, ನುಗ್ಗದ ಹಾಗೆ ಹೊದಿಕೆ ಸರಿಯಾಗಿದೆಯೇ ಅಂತ ಮೊದಲು ನೋಡಿಕೊಳ್ಳಿ.

ಉರುಕುಂದಮ್ಮನ ಔಷಧಿ ಮುಗಿದಾಗ ಕೊನೆಯ ಸಲ ಕಫ ಬಿತ್ತಿದೆ. ಕಾಯಬೇಕಾದಷ್ಟೂ ವಾರ ಕಾದು, ಅದರ ಮೇಲೆ ಇನ್ನಷ್ಟು ಕಾದು, ಆಕೆಗೆ ಹೇಳಿಕಳಿಸಿದೆ. ಮಿಲ್ಲಿನಿಂದ ನೇರ ಬಂದಳು. ಕೊಳವೆಯನ್ನು ಕೈಗೆ ಕೊಟ್ಟೆ. ಆಕೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಹಸರ ಐತಿ. ಮತ್ತೇನೂ ಕಾಣವಲ್ದು."

"ಮತ್ತೇನೂ ಇಲ್ಲವ್ವಾ. ನಿನ್ನ ರೋಗ ಇದ್ದಿದ್ರ ಅದರ ಮ್ಯಾಲೆ ಬೆಳೀಬೇಕಾಗಿತ್ತು."

"ಏನೂ ಇಲ್ಲದ್ದು ತೋರ್ಸಾಕ ಕರ್ಸಿದ್ರೇನ್ರೀ!" ಅಂದು ನಗತೊಡಗಿದಳು. ಆ ದೊಡ್ಡ ಮೈಯೆಲ್ಲ ಕುಲುಕುವ ಹಾಗೆ ನಕ್ಕಳು. ಅಷ್ಟು ನಕ್ಕರೆ ಕೆಮ್ಮು ಬರುತ್ತದೆ ಅಂತ ನಾನು ಉಸಿರು ಬಿಗಿಹಿಡಿದು ಕಾದೆ. ಬರಲಿಲ್ಲ.